ಅಟ್ಲಾಂಟಾದಿಂದ ಸವಾನಾಗೆ ಹನ್ನೊಂದು ಮಿಯಾಟಾ: ಆರು ತಿಂಗಳ ಪ್ಲಾನಿಂಗ್, ಮೂರು ದಿನದ ಪ್ರಯಾಣ

ಮೊನ್ನೆ ಭಾನುವಾರ ರಾತ್ರಿ ಎಂಟೂವರೆಗೆ ಮನೆ ಸೇರಿದ್ವಿ. ಕಾರ್ ಇನ್ನೂ ತೊಳೆದಿಲ್ಲ, ಮುಂದಿನ ಬಂಪರ್ ತುಂಬಾ ಹುಳ ಅಂಟ್ಕೊಂಡಿದೆ, ಆದ್ರೂ ಮರೆಯೋಕ್ ಮುಂಚೆ ಎಲ್ಲಾ ಬರೆದಿಟ್ಬಿಡ್ಬೇಕು ಅಂತ ಕೂತಿದೀನಿ. ಯಾಕಂದ್ರೆ ಮೇ ತಿಂಗಳಲ್ಲಿ ನಾನು ಈ ಕೆಲಸ ಒಪ್ಕೊಂಡಾಗ ಒಂದು ಗುಂಪನ್ನ ಕಾರುಗಳ ಸಮೇತ ಹಳೇ ಊರೊಂದಕ್ಕೆ ಕರ್ಕೊಂಡು ಹೋಗೋದು ಹೇಗೆ ಅಂತ ನಮ್ಮ ಭಾಷೇಲಿ ಹೇಳೋರು ಒಬ್ರೂ ಸಿಗ್ಲಿಲ್ಲ.

ನಾನು ಅಟ್ಲಾಂಟಾ ಹತ್ರ ಇರೋದು, ಊರು ಶಿವಮೊಗ್ಗ. ನನ್ನ ಹತ್ರ 1996ರ ಮಿಯಾಟಾ ಇದೆ, ಮಜ್ದಾ ಕಂಪನಿಯ ಎರಡು ಸೀಟಿನ, ಟಾಪ್ ತೆಗಿಯೋ ಸಣ್ಣ ಕಾರು, ಲೈಟ್ ಹಾಕಿದ್ರೆ ಕಣ್ಣು ಬಿಟ್ಟಂಗೆ ಹೆಡ್‌ಲೈಟ್ ಮೇಲೆ ಏಳುತ್ತಲ್ಲ, ಆ ಮಾಡೆಲ್. ಇಲ್ಲಿನ ಮಿಯಾಟಾ ಇಟ್ಕೊಂಡಿರೋರ ಒಂದು ಕ್ಲಬ್‌ಗೆ ಸೇರಿ ನಾಲ್ಕು ವರ್ಷ ಆಯ್ತು, ಅದ್ರಲ್ಲಿ ಕನ್ನಡದೋರು ಮೂರು ಜನ. ಪ್ರತಿ ವರ್ಷ ಒಬ್ರು ದೊಡ್ಡ ಟ್ರಿಪ್ ನಡೆಸ್ಬೇಕು, ಈ ಸಲ ನನ್ನ ಸರದಿ ಬಂತು. ಎಲ್ಲಾರೂ ಸೇರಿ ಸವಾನಾ ಅಂದ್ರು. ಅಮೆರಿಕದ ನಮ್ಮ ಜಾರ್ಜಿಯಾ ರಾಜ್ಯದ ಮೊದಲ ಊರು ಅದು, 1733ರಲ್ಲಿ ಜೇಮ್ಸ್ ಓಗಲ್‌ಥಾರ್ಪ್ ಹಡಗಲ್ಲಿ ಬಂದಿಳಿದು ಗೆರೆ ಎಳೆದು ಕಟ್ಟಿಸಿದ್ದು. ಚೌಕ ಚೌಕ ಪಾರ್ಕ್‌ಗಳು, ಸುತ್ತ ಮನೆಗಳು. ಒಟ್ಟು 24 ಚೌಕ ಇದ್ವಂತೆ, ಈಗ 22 ಉಳಿದಿವೆ. ಓಕ್ ಮರಗಳಿಂದ ಬೂದು ಬಣ್ಣದ ಗಡ್ಡದ ಥರ ಸ್ಪ್ಯಾನಿಷ್ ಮಾಸ್ ನೇತಾಡ್ತಿರುತ್ತೆ. ಹೆಸರು ಮಾಸ್ ಅಂತಿದ್ರೂ ಅದು ಪಾಚಿ ಅಲ್ಲ, ಅನಾನಸ್ ಜಾತಿಗೆ ಸೇರಿದ ಗಿಡ, ಇದನ್ನ ಕೇಳಿ ನನ್ನ ಹೆಂಡ್ತಿ ಎರಡು ದಿನ ನಂಬ್ಲಿಲ್ಲ.

ಮೊದಲನೇ ತಲೆನೋವು ತಾರೀಖು. ಮಾರ್ಚ್ ಆಗಲ್ಲ, 17ನೇ ತಾರೀಖು ಸೇಂಟ್ ಪ್ಯಾಟ್ರಿಕ್ಸ್ ಡೇ ಅಂತ ಸವಾನಾದಲ್ಲಿ ದೊಡ್ಡ ಜಾತ್ರೆನೇ ನಡಿಯುತ್ತೆ, ರೂಮ್ ರೇಟ್ ಮುಟ್ಟೋಕಾಗಲ್ಲ. ಏಪ್ರಿಲ್‌ನಲ್ಲಿ ಹೂವು ಚೆನ್ನಾಗಿರುತ್ತೆ, ಆದ್ರೆ ಪೈನ್ ಮರದ ಹಳದಿ ಪರಾಗ ಹಿಟ್ಟು ಜರಡಿ ಹಿಡಿದಂಗೆ ಉದುರುತ್ತೆ, ಟಾಪ್ ತೆಗೆದು ಓಡ್ಸೋ ಕಾರಿಗೆ ಅದು ಬೇಡವೇ ಬೇಡ. ಬೇಸಿಗೇಲಿ ಸೆಕೆ, ಜೂನ್‌ನಿಂದ ನವೆಂಬರ್ ಕೊನೆವರೆಗೂ ಚಂಡಮಾರುತದ ಸೀಸನ್. ಐ-16 ಹೈವೇ ಹತ್ತೋ ಕಡೆ ಗೇಟ್‌ಗಳು ಕಾಣ್ತವೆ ನೋಡಿ, ಚಂಡಮಾರುತ ಬಂದಾಗ ಎರಡೂ ಕಡೆ ಲೇನ್‌ಗಳನ್ನ ಸಮುದ್ರದಿಂದ ದೂರ ಹೋಗೋಕಷ್ಟೇ ಬಿಡ್ತಾರಲ್ಲ, ಅದಕ್ಕೆ ಇಟ್ಟಿರೋದು. ನವೆಂಬರ್ ಅಂದ್ರೆ ನಮಗೆ ರಾಜ್ಯೋತ್ಸವ, ಕನ್ನಡ ಕೂಟದ ಕಾರ್ಯಕ್ರಮ ಶನಿವಾರನೇ ಇರುತ್ತೆ, ಮಗಳ ಡ್ಯಾನ್ಸ್ ಇತ್ತು, ಅದನ್ನ ತಪ್ಪಿಸೋ ಮಾತೇ ಇಲ್ಲ. ಕೊನೆಗೆ ನವೆಂಬರ್ ಮೂರನೇ ವಾರ ಶುಕ್ರವಾರದಿಂದ ಭಾನುವಾರ ಅಂತ ಫಿಕ್ಸ್ ಮಾಡಿದ್ವಿ. ನೀವು ಯಾವ ಊರಿಗೆ ಹೊರಟ್ರೂ ಆ ಊರಿನ ಈವೆಂಟ್ ಕ್ಯಾಲೆಂಡರ್ ಮೊದ್ಲು ನೋಡಿ. ನಾವು ಮೊದ್ಲು ಅಂದ್ಕೊಂಡಿದ್ದ ವಾರ ಓಟದ ರೇಸ್ ಇತ್ತು, ಅರ್ಧ ರಸ್ತೆ ಬಂದ್.

ಇನ್ನು ಹೋಟೆಲ್. ಇದನ್ನ ಸ್ವಲ್ಪ ನಿಧಾನವಾಗಿ ಓದಿ, ನನ್ನ ನಿದ್ದೆ ಕೆಟ್ಟಿದ್ದು ಇಲ್ಲೇ. ಮೇ ತಿಂಗಳಲ್ಲಿ 14 ಜನ ಬರ್ತೀವಿ ಅಂತ ಕೈ ಎತ್ತಿದ್ರು. ಹತ್ತಕ್ಕಿಂತ ಜಾಸ್ತಿ ರೂಮ್ ಬೇಕಾದ್ರೆ ಆನ್‌ಲೈನ್ ಬುಕ್ಕಿಂಗ್ ನಡಿಯಲ್ಲ, ಗ್ರೂಪ್ ಸೇಲ್ಸ್‌ನೋರ ಹತ್ರ ಮಾತಾಡಿ ರೂಮ್ ಬ್ಲಾಕ್ ಅಂತ ತಗೋಬೇಕು ಅಂದ್ರು. ಹನ್ನೊಂದು ಪೇಜ್ ಕಾಂಟ್ರಾಕ್ಟ್ ಬಂತು. ರೇಟ್ 199 ಡಾಲರ್, 14 ರೂಮ್, ಎರಡು ರಾತ್ರಿ, ಅಂದ್ರೆ 28 ರೂಮ್-ನೈಟ್. ನಾನು ರೇಟ್ ನೋಡಿದೆ, ಕ್ಯಾನ್ಸಲ್ ಮಾಡೋ ತಾರೀಖು ನೋಡಿದೆ, ಸಹಿ ಹಾಕಿ ನನ್ನ ಕಾರ್ಡ್ ನಂಬರ್ ಕೊಟ್ಟೆ. ಏಳನೇ ಪೇಜಲ್ಲಿ ಅಟ್ರಿಷನ್ ಅಂತ ಒಂದು ಪ್ಯಾರಾ ಇತ್ತು, ಅದನ್ನ ಓದಿದ್ರೂ ಸರಿಯಾಗಿ ತಲೆಗೆ ಹೋಗಿರ್ಲಿಲ್ಲ. ಬ್ಲಾಕ್‌ನಲ್ಲಿ ನೂರಕ್ಕೆ 80 ಭಾಗ ತುಂಬ್ಲೇಬೇಕು, ತುಂಬದೇ ಹೋದ್ರೆ ಖಾಲಿ ಬಿದ್ದಿರೋದಕ್ಕೆ ಸಹಿ ಹಾಕಿದೋರೇ ದುಡ್ಡು ಕೊಡ್ಬೇಕು ಅಂತ ಅದರ ಅರ್ಥ.

ಸೆಪ್ಟೆಂಬರ್ ಹೊತ್ತಿಗೆ 14 ಇದ್ದಿದ್ದು 11 ಆಯ್ತು. ಒಬ್ರಿಗೆ ಮಂಡಿ ಆಪರೇಷನ್, ಇನ್ನೊಬ್ರ ಮಗಳಿಗೆ ಸಾಕರ್ ಟೂರ್ನಮೆಂಟ್. ಮೂರನೆಯವನು ನಮ್ಮ ಹಾಸನದ ಹುಡುಗ, ಅವನ ಕಥೆ ಕೇಳಿ ನಂಗೆ ನಿಜವಾಗ್ಲೂ ಬೇಜಾರಾಯ್ತು. ನಮ್ಮಂಥೋರಿಗೆ ಇಲ್ಲಿ ಡ್ರೈವಿಂಗ್ ಲೈಸೆನ್ಸ್ ವೀಸಾ ತಾರೀಖಿಗೆ ಗಂಟು ಹಾಕಿ ಕೊಡ್ತಾರೆ. ಅವನ ಎಕ್ಸ್‌ಟೆನ್ಷನ್ ಪೇಪರ್ ಇನ್ನೂ ಬಂದಿಲ್ಲ, ಲೈಸೆನ್ಸ್ ಟ್ರಿಪ್‌ಗೆ ಎರಡು ವಾರ ಮುಂಚೆ ಮುಗಿಯುತ್ತೆ. "ಅಣ್ಣಾ, ನಾನು ಓಡ್ಸಲ್ಲ, ರಿಸ್ಕ್ ಬೇಡ, ಆದ್ರೆ ಬರ್ತೀನಿ, ಪಕ್ಕದ ಸೀಟಲ್ಲಾದ್ರೂ ಕೂತ್ಕೊಂಡ್ ಬರ್ತೀನಿ" ಅಂದ. ಮೈಸೂರಿನ ಇನ್ನೊಬ್ಬ ಹುಡುಗನ ಕಾರಲ್ಲಿ ಬಂದ, ಅವನ ರೂಮಲ್ಲೇ ಉಳಿದ. ಹಾಸನದ ಹುಡುಗನ ಕಾರು ಮನೇಲಿ ಕವರ್ ಹಾಕ್ಕೊಂಡು ನಿಂತಿತ್ತು. ವೀಸಾ ಮೇಲಿರೋರು ಗ್ರೂಪ್ ಟ್ರಿಪ್‌ಗೆ ಹೆಸರು ಕೊಡೋಕ್ ಮುಂಚೆ ಲೈಸೆನ್ಸ್ ತಾರೀಖು ತೆಗೆದು ನೋಡ್ಕೊಳ್ಳಿ, ಅದು ಮುಗಿದಿದ್ರೆ ಇನ್ಶೂರೆನ್ಸ್‌ಗೂ ತೊಂದ್ರೆ ಆಗ್ಬಹುದು.

11 ರೂಮ್ ಅಂದ್ರೆ 22 ರೂಮ್-ನೈಟ್. 28ರಲ್ಲಿ 80 ಪರ್ಸೆಂಟ್ ಅಂದ್ರೆ 22.4, ಅವರು ಅದನ್ನ 23 ಅಂತ ಹಿಡಿದ್ರು. ಒಂದೇ ಒಂದು ರಾತ್ರಿ ಕಮ್ಮಿ! ಅದಕ್ಕೆ ಇನ್ನೂರು ಚಿಲ್ಲರೆ ಡಾಲರ್ ನನ್ನ ಕಾರ್ಡಿಂದ ಹೋಗ್ಬೇಕು. ಎರಡು ವಾರ ಮೇಲ್ ಬರೆದು ಬರೆದು ಸಾಕಾಯ್ತು. ಕೊನೆಗೆ ಫೋನ್ ಮಾಡಿ ಒಂದು ಮಾತು ಕೇಳ್ದೆ, ನಮ್ಮಲ್ಲಿ ಒಬ್ರು ಗಂಡ ಹೆಂಡ್ತಿ ಭಾನುವಾರ ರಾತ್ರಿನೂ ಉಳಿತಾರೆ, ಅದನ್ನ ಇದೇ ರೇಟಲ್ಲಿ ಬ್ಲಾಕ್‌ಗೆ ಸೇರಿಸ್ತೀರಾ ಅಂತ. ಒಪ್ಕೊಂಡ್ರು. ಮೇಲ್‌ನಲ್ಲೇ ಬರೆದು ಕಳ್ಸಿ ಅಂತ ಹೇಳಿ ತರಿಸ್ಕೊಂಡೆ. ನೀವು ಮಾಡ್ಬೇಕಾದ್ದು ಇಷ್ಟೇ, ಕೈ ಎತ್ತಿದೋರ ಸಂಖ್ಯೆಗಿಂತ ಕಮ್ಮಿ ರೂಮ್ ಬ್ಲಾಕ್ ಮಾಡಿ, ಬೇಕಾದ್ರೆ ಆಮೇಲೆ ಸೇರಿಸ್ಕೊಬಹುದು. ಸಹಿ ಕ್ಲಬ್ ಹೆಸರಲ್ಲಿ ಆಗ್ಲಿ, ಕಾರ್ಡ್ ನಿಮ್ದು ಬೇಡ. ರೇಟ್ ಅಂತ ಹೇಳೋದು ಟ್ಯಾಕ್ಸ್ ಇಲ್ದೆ, 199 ಅಂದಿದ್ದು ಊರಿನ ಟ್ಯಾಕ್ಸ್, ರಾಜ್ಯದ ಟ್ಯಾಕ್ಸ್, ಜಾರ್ಜಿಯಾದಲ್ಲಿ ರಾತ್ರಿಗೆ 5 ಡಾಲರ್ ಹೋಟೆಲ್ ಫೀ, ಎಲ್ಲಾ ಸೇರಿ 235ರ ಹತ್ರ ಬಂತು.

ಸೆಪ್ಟೆಂಬರ್ ಕೊನೇಲಿ ನಾನೂ ಹೆಂಡ್ತಿನೂ ಒಂದ್ಸಲ ಹೋಗಿ ನೋಡ್ಕೊಂಡು ಬಂದ್ವಿ. "ಏನ್ರೀ, ಟ್ರಿಪ್‌ಗೆ ಹೋಗೋಕ್ ಒಂದು ಟ್ರಿಪ್ಪಾ" ಅಂದ್ಲು, ಆದ್ರೆ ಅವಳೇ ಟೇಪ್ ಹಿಡ್ಕೊಂಡು ನನ್ನ ಜೊತೆ ಅಳತೆ ಮಾಡಿದ್ದು. ಆ ಒಂದು ದಿನದಲ್ಲಿ ಎರಡು ವಿಷಯ ಗೊತ್ತಾಯ್ತು, ಗೊತ್ತಾಗದೇ ಇದ್ದಿದ್ರೆ ಹನ್ನೊಂದು ಕಾರಿಗೂ ಪೆಟ್ಟು ಬೀಳ್ತಿತ್ತು. ಒಂದು, ಹೋಟೆಲ್ ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಇಳಿಯೋ ಇಳಿಜಾರು ಎಷ್ಟು ಕಡಿದು ಅಂದ್ರೆ ನನ್ನ ಕಾರಿನ ಮುಂದಿನ ತುಟಿ ಗರ್ರ್ ಅಂತ ಉಜ್ತು, ಅದೂ ಅಲ್ದೆ ಹೋಟೆಲ್‌ನೋರೇ ಕಾರ್ ನಿಲ್ಲಿಸಿ ಕೊಡೋದಕ್ಕೆ ರಾತ್ರಿಗೆ 48 ಡಾಲರ್ ವ್ಯಾಲೆ ಚಾರ್ಜ್ ಬೇರೆ. ಎರಡು, ರಿವರ್ ಸ್ಟ್ರೀಟ್. ನದಿ ಪಕ್ಕದ ಬೀದಿ ಅದು, ಮೇಲಿನ ಬೇ ಸ್ಟ್ರೀಟಿಂದ ಕೆಳಗೆ ಇಳಿಯೋ ದಾರಿಗಳಿಗೆ ಹಾಸಿರೋದು ಹಳೇ ಕಾಲದ ಹಡಗುಗಳು ತೂಕಕ್ಕೆ ಅಂತ ತಂದು ಸುರಿದ ಕಲ್ಲುಗಳು. ತೆಂಗಿನಕಾಯಿ ಗಾತ್ರದವು, ಮುಷ್ಟಿ ಗಾತ್ರದವು, ಒಂದಕ್ಕೊಂದು ಸಮ ಇಲ್ಲ, ಸಂದೀಲಿ ನೀರು, ಉಜ್ಜಿ ಉಜ್ಜಿ ಕನ್ನಡಿ ಥರ ಜಾರುತ್ವೆ. ನಾಲ್ಕೈದು ಇಂಚು ಎತ್ತರ ಇರೋ ಕಾರು ಅಲ್ಲಿ ಇಳೀಬಾರ್ದು. ಊರಿಗೆ ಬಂದ್ಮೇಲೆ ಯಾರೂ ಅಲ್ಲಿಗೆ ಕಾರ್ ತರಬೇಡಿ ಅಂತ ದಪ್ಪ ಅಕ್ಷರದಲ್ಲಿ ಬರೆದು ಎಲ್ಲರಿಗೂ ಕಳಿಸ್ದೆ.

ಪಾರ್ಕಿಂಗ್‌ಗೆ ಎಲ್ಲಿಗ್ ಹೋಗೋದು ಅಂತ ಹುಡುಕ್ತಾ ಎಲಿಸ್ ಸ್ಕ್ವೇರ್ ಕೆಳಗಿರೋ ಊರಿನದೇ ಗ್ಯಾರೇಜ್ ಸಿಕ್ತು. ಆ ಜಾಗದ ಕಥೆ ಕೇಳಿ ನಾನು ಸುಮ್ಮನೆ ನಿಂತ್ಬಿಟ್ಟೆ. ಅಲ್ಲಿ ಹಳೇ ಮಾರ್ಕೆಟ್ ಕಟ್ಟಡ ಇತ್ತಂತೆ, 1954ರಲ್ಲಿ ಅದನ್ನ ಕೆಡವಿದ್ದು ಕಾರ್ ನಿಲ್ಲಿಸೋಕೆ. ಅದನ್ನ ನೋಡಿ ಹೊಟ್ಟೆ ಉರಿದು, ಇನ್ನೊಂದು ಹಳೇ ಮನೇನೂ ಹೋಗುತ್ತೆ ಅನ್ನೋವಾಗ, ಏಳು ಜನ ಹೆಂಗಸರು ಸೇರಿ 1955ರಲ್ಲಿ ಹಿಸ್ಟಾರಿಕ್ ಸವಾನಾ ಫೌಂಡೇಶನ್ ಶುರು ಮಾಡಿದ್ರು. ಇವತ್ತು ನಾವು ಹೋಗಿ ಬಾಯಿ ಬಿಟ್ಕೊಂಡು ನೋಡೋ ಮನೆಗಳು ಉಳಿದಿರೋದು ಅವರಿಂದ. 2010ರಲ್ಲಿ ಆ ಚೌಕನ ಮತ್ತೆ ಪಾರ್ಕ್ ಮಾಡಿದ್ರು, ಪಾರ್ಕಿಂಗ್ ನೆಲದ ಕೆಳಗೆ ಹೋಯ್ತು. ಆವತ್ತೇ ನಂಗೆ ಅನ್ನಿಸ್ತು, ಹನ್ನೊಂದು ಕಾರು ಸಾಲಾಗಿ ಚೌಕಗಳ ಸುತ್ತ ಮೆರವಣಿಗೆ ಹೋಗೋ ಐಡಿಯಾ ಬೇಡ. ಆ ಚೌಕಗಳಲ್ಲಿ ಎಲ್ಲಾ ಒಂದೇ ದಿಕ್ಕಲ್ಲಿ ಸುತ್ತೋದು, ಕುದುರೆ ಗಾಡಿ, ಟ್ರಾಲಿ, ನಡಿಯೋ ಜನ, ಮೂರನೇ ಕಾರ್ ಹೋಗೋಷ್ಟರಲ್ಲಿ ಸಾಲು ಮುರಿದೇ ಮುರಿಯುತ್ತೆ. ಫೋರ್ಸೈತ್ ಪಾರ್ಕ್ ಹತ್ರ ಸಾಲಾಗಿ ನಿಲ್ಲಿಸಿ ಫೋಟೋ ತೆಗಿಯೋಣ ಅಂತ ಕೆಲವರಿಗೆ ಆಸೆ ಇತ್ತು, ಅದಕ್ಕೆ ಪರ್ಮಿಟ್, ಇನ್ಶೂರೆನ್ಸ್ ಸರ್ಟಿಫಿಕೇಟ್ ಎಲ್ಲಾ ಮಾಡಿಸ್ಬೇಕು ಅಂತ ಗೊತ್ತಾಗಿ ಬಿಟ್ವಿ. ಊರಲ್ಲಿ ಕಾರ್ ನೆಲದ ಕೆಳಗೆ, ನಾವು ನೆಲದ ಮೇಲೆ, ಅಂತ ತೀರ್ಮಾನ ಮಾಡಿದ್ವಿ. ಇಬ್ರು ಮುಖ ಊದಿಸ್ಕೊಂಡ್ರು, ಊರು ನೋಡಿದ್ಮೇಲೆ ಅವ್ರೇ ಒಪ್ಕೊಂಡ್ರು.

ರೇಡಿಯೋ ಬಗ್ಗೆ ಹೇಳ್ಬಿಡ್ತೀನಿ. ಜಾರ್ಜಿಯಾದಲ್ಲಿ 2018 ಜುಲೈ 1ರಿಂದ ಓಡಿಸ್ವಾಗ ಫೋನ್ ಕೈಲಿ ಹಿಡಿಯೋಂಗಿಲ್ಲ, ಆದ್ರಿಂದ ದಾರೀಲಿ ವಾಟ್ಸಾಪ್ ಅನ್ನೋದು ಮರೆತ್ಬಿಡಿ. ಎಫ್‌ಆರ್‌ಎಸ್ ವಾಕಿಟಾಕಿಗೆ ಲೈಸೆನ್ಸ್ ಬೇಡ, ಎಲ್ಲಾ ಕಾರಿಗೂ ಅದೇ ಕೊಟ್ವಿ. ಮೊದಲನೇ ಕಾರು ಮತ್ತೆ ಕೊನೇ ಕಾರಿನ ಮಧ್ಯ ದೂರ ಜಾಸ್ತಿ ಇರುತ್ತಲ್ಲ, ಅಲ್ಲಿಗೆ ಜಿಎಂಆರ್‌ಎಸ್ ಅನ್ನೋ ಇನ್ನೂ ದೂರ ಕೇಳೋ ರೇಡಿಯೋ ಬೇಕು, ಅದಕ್ಕೆ ಎಫ್‌ಸಿಸಿ ಅನ್ನೋ ಸರ್ಕಾರಿ ಸಂಸ್ಥೆಯ ಲೈಸೆನ್ಸ್, 35 ಡಾಲರ್, ಹತ್ತು ವರ್ಷ ನಡಿಯುತ್ತೆ, ಪರೀಕ್ಷೆ ಏನೂ ಇಲ್ಲ, ಮನೆಯವರೆಲ್ಲ ಅದೇ ಲೈಸೆನ್ಸಲ್ಲಿ ಬಳಸ್ಬಹುದು, ಸಿಟಿಜನ್ ಆಗಿರ್ಬೇಕು ಅಂತನೂ ಇಲ್ಲ. ಮೊದ್ಲು ಎಫ್‌ಆರ್‌ಎನ್ ಅಂತ ಒಂದು ನಂಬರ್ ಮಾಡಿಸ್ಕೊಂಡು ಆಮೇಲೆ ಅರ್ಜಿ ಹಾಕ್ಬೇಕು, ನಂಗೆ ಎರಡು ದಿನದಲ್ಲಿ ಕಾಲ್‌ಸೈನ್, ಅಂದ್ರೆ ರೇಡಿಯೋಲಿ ಹೇಳ್ಕೊಳ್ಳೋ ಗುರುತಿನ ನಂಬರ್, ಬಂತು. ನೀವು ಕೊಡೋ ಅಡ್ರೆಸ್ ಯಾರು ಬೇಕಾದ್ರೂ ನೋಡೋ ಹಾಗಿರುತ್ತೆ, ಪಿಒ ಬಾಕ್ಸ್ ಇದ್ರೆ ಅದನ್ನೇ ಕೊಡಿ.

ಶುಕ್ರವಾರ ಬೆಳಗ್ಗೆ ಎಂಟಕ್ಕೆ ಮ್ಯಾಡಿಸನ್ ಊರಿನ ಹತ್ರ ಎಲ್ಲಾರೂ ಸೇರಿದ್ವಿ, ಚಳಿ, ಆದ್ರೂ ಎಲ್ಲಾರ ಟಾಪೂ ಕೆಳಗೆ. ಅಟ್ಲಾಂಟಾದಿಂದ ಸವಾನಾಗೆ ಐ-75, ಐ-16 ಹಿಡಿದ್ರೆ ಸುಮಾರು 250 ಮೈಲಿ, ನಾಲ್ಕು ಗಂಟೆ ದಾರಿ, ಎರಡೂ ಕಡೆ ಬರೀ ಪೈನ್ ಮರ. ನಮ್ಮ ಕ್ಲಬ್‌ನಲ್ಲಿ ರಿಟೈರ್ ಆದ ಒಬ್ರು ಹಿಸ್ಟರಿ ಮೇಷ್ಟ್ರಿದಾರೆ, ಬೇರೆ ದಾರಿ ಹೇಳಿದ್ದು ಅವ್ರೇ. ಮ್ಯಾಡಿಸನ್, ಈಟನ್‌ಟನ್, ಮಿಲೆಜ್‌ವಿಲ್, ಆಮೇಲೆ ಯುಎಸ್ 441ರಲ್ಲಿ ಡಬ್ಲಿನ್, ಅಲ್ಲಿಂದ ಐ-16. ಅಮೆರಿಕದ ಅಂತರ್ಯುದ್ಧ ನಡೀತಿದ್ದ 1864ರ ನವೆಂಬರ್‌ನಲ್ಲಿ ಉತ್ತರದ ಸೈನ್ಯದ ಜನರಲ್ ಶೆರ್ಮನ್ ಅಟ್ಲಾಂಟಾದಿಂದ ಸಮುದ್ರದ ಕಡೆ ಹೊರಟಾಗ ಅವನ ಸೈನ್ಯದ ಎಡಭಾಗ ಬಂದಿದ್ದು ಮಿಲೆಜ್‌ವಿಲ್‌ವರೆಗೆ ಇದೇ ಊರುಗಳ ಮೇಲೆ. ಮಿಲೆಜ್‌ವಿಲ್ ಆಗ ಜಾರ್ಜಿಯಾದ ರಾಜಧಾನಿ, ಅಲ್ಲಿನ ಹಳೇ ಶಾಸನಸಭೆ ಕಟ್ಟಡದಲ್ಲೇ 1861ರ ಜನವರೀಲಿ ಅಮೆರಿಕದ ಒಕ್ಕೂಟ (ಯೂನಿಯನ್) ಬಿಟ್ಟು ಹೋಗೋಕೆ ವೋಟ್ ಹಾಕಿದ್ದು. ಮೇಷ್ಟ್ರು ಆ ಕಟ್ಟಡದ ಮುಂದೆ ನಿಂತ್ಕೊಂಡು ಹೇಳ್ತಾ ಇದ್ರೆ ಹಾಸನದ ಹುಡುಗ ವಿಡಿಯೋ ಮಾಡೋದೂ ಬಿಟ್ಟು ಕೇಳ್ತಾ ನಿಂತಿದ್ದ. ಮಧ್ಯಾಹ್ನ ಅಲ್ಲೇ ಊಟ. ನಾವು ಸಸ್ಯಾಹಾರಿಗಳು, ಚಪಾತಿ ಚಟ್ನಿಪುಡಿ ಕಟ್ಕೊಂಡು ಹೋಗಿದ್ವಿ, ಒಳ್ಳೇದಾಯ್ತು. ಈ ಕಡೆ ಸೊಪ್ಪಿನ ಪಲ್ಯ, ಹುರಳಿಕಾಯಿ ಅಂತ ಬಂದ್ರೂ ಅದ್ರಲ್ಲಿ ಹಂದಿ ಮಾಂಸ ಹಾಕಿ ಬೇಯಿಸಿರ್ತಾರೆ, ಬಾಯ್ಬಿಟ್ಟು ಕೇಳ್ಬೇಕು. ಗ್ರಿಟ್ಸ್ ತಿನ್ಬಹುದು, ಜೋಳದ ನುಚ್ಚಿನ ಗಂಜಿ ಥರ, ಬೆಣ್ಣೆ ಹಾಕಿಸ್ಕೊಳ್ಳಿ.

ನಾಲ್ಕು, ನಾಲ್ಕು, ಮೂರು ಅಂತ ಕಾರುಗಳನ್ನ ಮೂರು ಗುಂಪು ಮಾಡಿದ್ವಿ. ಕೊನೇ ಗುಂಪಲ್ಲಿ ನಾನು, ಮೇಷ್ಟ್ರು, ಆ ಇಬ್ರು ಹುಡುಗರು. ಐ-16ರಲ್ಲಿ ಸ್ವೇನ್ಸ್‌ಬರೋ ಎಕ್ಸಿಟ್ 90ಕ್ಕೆ ಇನ್ನೂ ಐದಾರು ಮೈಲಿ ಇರೋವಾಗ ನನ್ನ ಮುಂದಿದ್ದ ಮೇಷ್ಟ್ರ ಕಾರಿನ ಹಿಂದಿನ ಬಲಗಡೆ ಟೈರ್ ಡಬ್ ಅಂತ ಸಿಡೀತು. ರಬ್ಬರ್ ಪಟ್ಟಿ ಹಾರಿ ನಮ್ಮ ಬಾನೆಟ್ ಮೇಲೆ ಬಿತ್ತು. ಹೆಂಡ್ತಿ ನನ್ನ ತೋಳು ಗಟ್ಟಿಯಾಗಿ ಹಿಡ್ಕೊಂಡ್ಲು. ಎಪ್ಪತ್ತು ಮೈಲಿ ಸ್ಪೀಡು, ಪಕ್ಕದಲ್ಲಿ ಟ್ರಕ್. ಮೇಷ್ಟ್ರು ಬ್ರೇಕ್ ಒತ್ತಲೇ ಇಲ್ಲ, ಸ್ಟೇರಿಂಗ್ ನೆಟ್ಟಗೆ ಹಿಡ್ಕೊಂಡು ಹಾಗೇ ನಿಧಾನ ಮಾಡಿ ಶೋಲ್ಡರ್‌ಗೆ, ಅಂದ್ರೆ ರಸ್ತೆ ಪಕ್ಕದ ಪಟ್ಟಿಗೆ, ತಗೊಂಡ್ರು. ಅವರ ಜೀವ ಉಳಿಸಿದ್ದು ಅದೇ.

ಇಳಿದು ಟೈರ್ ನೋಡಿದೆ. ಉಳಿದಿದ್ದ ಕಡೆ ಪಟ್ಟಿ ಚೆನ್ನಾಗೇ ಇತ್ತು, ಸವೆದಿರ್ಲೇ ಇಲ್ಲ. ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಬರೆದು ಕೊನೇಲಿ ನಾಲ್ಕು ಅಂಕಿ ಇರುತ್ತೆ, ಮಣ್ಣು ಒರೆಸಿ ಓದಿದೆ, 3512. ಅಂದ್ರೆ 2012ರ 35ನೇ ವಾರ ತಯಾರಾಗಿದ್ದು. ಗ್ಯಾರೇಜಲ್ಲಿ ನಿಂತೂ ನಿಂತೂ ರಬ್ಬರ್ ಒಣಗಿ ಸೀಳು ಬಿಟ್ಟಿತ್ತು, ಉಗುರಿಂದ ಕೆರೆದ್ರೆ ಪುಡಿ ಬರ್ತಿತ್ತು. ಟ್ರಿಪ್‌ಗೆ ಮುಂಚೆ ಎಲ್ಲಾ ಕಾರಿನ ಚೆಕ್ ಶೀಟ್ ತುಂಬಿಸಿದ್ವಿ, ಮೇಷ್ಟ್ರ ಶೀಟ್‌ಗೆ ಸಹಿ ಹಾಕಿದ್ದು ನಾನೇ. ಟ್ರೆಡ್ ಎಷ್ಟಿದೆ ಅಂತ ನಾಣ್ಯ ಇಟ್ಟು ನೋಡಿದ್ದೆ, ವಯಸ್ಸು ನೋಡಿರ್ಲಿಲ್ಲ. ಆ ಶೋಲ್ಡರ್ ಮೇಲೆ ನಿಂತಾಗ ನಂಗೆ ಕೈ ನಡುಗ್ತಿತ್ತು. ದಯವಿಟ್ಟು, ಇದನ್ನ ಓದಿದೋರು ಎದ್ದು ಹೋಗಿ ನಿಮ್ಮ ಕಾರಿನ ಆ ನಾಲ್ಕು ಅಂಕಿ ನೋಡಿ. ಹತ್ತು ವರ್ಷ ದಾಟಿದ್ರೆ ಪಟ್ಟಿ ಎಷ್ಟೇ ಇರ್ಲಿ, ತೆಗೆದು ಹಾಕಿ.

ಮೇಷ್ಟ್ರ ಡಿಕ್ಕೀಲಿ ಸ್ಟೆಪ್ನಿ ಇರ್ಲಿಲ್ಲ, ಲಗೇಜ್‌ಗೆ ಜಾಗ ಬೇಕು ಅಂತ ಮನೇಲೇ ಬಿಟ್ಟು ಬಂದಿದ್ರು. ನಮ್ಮಿಬ್ರದ್ದೂ ಒಂದೇ ಮಾಡೆಲ್, ನನ್ನ ಸ್ಟೆಪ್ನಿ ಕೂತ್ಕೊಳ್ತು. ಹೈವೇ ಸಹಾಯದ ನಂಬರ್ 511ಗೆ ಫೋನ್ ಮಾಡಿದ್ವಿ, ಅವರ ಟ್ರಕ್ ಬಂದು ಹಿಂದೆ ಲೈಟ್ ಹಾಕ್ಕೊಂಡು ನಿಲ್ತು, ಟೈರ್ ಬದಲಾಯಿಸೋವರೆಗೂ ಅಲ್ಲೇ ಇದ್ರು, ಒಂದು ಪೈಸೆ ತಗೊಳ್ಲಿಲ್ಲ. ಆ ಸಣ್ಣ ಸ್ಟೆಪ್ನೀಲಿ 50 ಮೈಲಿಗಿಂತ ಜೋರು ಹೋಗ್ಬಾರ್ದು, ಐ-16ರಲ್ಲಿ ಅದು ಅಪಾಯ, ಹಾಗಾಗಿ ಸ್ವೇನ್ಸ್‌ಬರೋದಲ್ಲಿ ಇಳಿದು ಹಳೇ ಯುಎಸ್ 80 ಹಿಡಿದು ಸ್ಟೇಟ್ಸ್‌ಬರೋ ಕಡೆ ಹೋದ್ವಿ. ಎರಡೂ ಕಡೆ ಹತ್ತಿ ಹೊಲ, ಕೊಯ್ಲಾದ ಮೇಲೆ ಉಳಿದ ಹತ್ತಿ ರಸ್ತೆ ಅಂಚಲ್ಲಿ ಬೆಳ್ಳಗೆ ಹಾರಾಡ್ತಿತ್ತು, ಸೂರ್ಯ ಹಿಂದೆ ಮುಳುಗ್ತಾ ಇದ್ದ. ಭಯ ಇನ್ನೂ ಇಳಿದಿರ್ಲಿಲ್ಲ, ಆದ್ರೂ ಪೂರ್ತಿ ಟ್ರಿಪ್‌ನಲ್ಲಿ ನಂಗೆ ಮನಸ್ಸಲ್ಲಿ ಉಳಿದಿರೋ ರಸ್ತೆ ಅದೇ.

ಸ್ಟೇಟ್ಸ್‌ಬರೋ ಟೈರ್ ಅಂಗಡೀಲಿ 14 ಇಂಚಿನ ಟೈರ್ ಇರ್ಲಿಲ್ಲ, ಈಗ ಆ ಸೈಜ್ ಸಿಗೋದೇ ಕಷ್ಟ, ನಾಳೆ ಬೆಳಗ್ಗೆ ತರಿಸ್ಕೊಡ್ತೀವಿ ಅಂದ್ರು. ಈಗ ನೋಡಿ ಸಮಸ್ಯೆ, ನಮ್ಮ ಮೂರೂ ಕಾರು ಎರಡೆರಡು ಸೀಟಿನವು. ನನ್ನ ಪಕ್ಕ ಹೆಂಡ್ತಿ, ಹುಡುಗರು ಇಬ್ರು, ಮೇಷ್ಟ್ರನ್ನ ಕೂರಿಸ್ಕೊಳ್ಳೋಕೆ ಜಾಗನೇ ಇಲ್ಲ. ಅವರು ಅಲ್ಲೇ ಒಂದು ಮೋಟೆಲ್‌ನಲ್ಲಿ ಒಬ್ರೇ ಉಳಿದ್ರು, 70 ದಾಟಿದ ಮನುಷ್ಯ, ನಮಗೇ ಧೈರ್ಯ ಹೇಳಿ ಕಳಿಸಿದ್ರು. ಇಂಥ ಕಾರುಗಳ ಟ್ರಿಪ್‌ಗೆ ನಾಲ್ಕು ಸೀಟಿನ ಮಾಮೂಲಿ ಕಾರು ಒಂದು ಕಡ್ಡಾಯ ಜೊತೇಲಿ ಇರ್ಲಿ. ನಾವು ಸವಾನಾ ತಲುಪಿದಾಗ ಏಳೂವರೆ, ಕತ್ತಲು.

ಶನಿವಾರ ಹನ್ನೊಂದೂವರೆಗೆ ಮೇಷ್ಟ್ರು ನಾಲ್ಕು ಹೊಸ ಟೈರ್ ಹಾಕಿಸ್ಕೊಂಡು ಬಂದ್ರು, 420 ಡಾಲರ್ ಆಯ್ತಂತೆ, ಎಲ್ಲಾರೂ ಚಪ್ಪಾಳೆ. ಮಧ್ಯಾಹ್ನ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚ್‌ಗೆ ಟೂರ್ ಬುಕ್ ಮಾಡಿದ್ದೆ, ಸವಾನಾಗೆ ಹೋದ್ರೆ ಇದನ್ನ ಬಿಡ್ಬೇಡಿ. 1859ರಲ್ಲಿ ಮುಗಿದ ಕಟ್ಟಡ, ಗುಲಾಮರಾಗಿದ್ದೋರೇ ಕೈಯಾರೆ ಕಟ್ಟಿದ್ದು. ಕೆಳಗಿನ ಹಾಲ್‌ನ ಮರದ ನೆಲದಲ್ಲಿ ಸಣ್ಣ ಸಣ್ಣ ತೂತುಗಳು, ವಜ್ರಾಕಾರದ ಡಿಸೈನ್ ಥರ ಕಾಣುತ್ತೆ. ಆ ನೆಲದ ಕೆಳಗೆ ಓಡಿ ಬಂದೋರು ಬಚ್ಚಿಟ್ಕೊಂಡಿರ್ತಿದ್ರು, ಉಸಿರಾಡೋಕೆ ಆ ತೂತು ಅಂತ ಅಲ್ಲಿನೋರು ಹೇಳ್ತಾರೆ. ನಾನು ಬಗ್ಗಿ ಒಂದರ ಮೇಲೆ ಬೆರಳಿಟ್ಟು ನೋಡಿದೆ, ಕಿರುಬೆರಳೂ ಪೂರ್ತಿ ಹೋಗಲ್ಲ. ನನ್ನ ಹೆಂಡ್ತಿ ಹೊರಗೆ ಬಂದ್ಮೇಲೂ ಅರ್ಧ ಗಂಟೆ ಮಾತಾಡ್ಲಿಲ್ಲ.

ಆಮೇಲೆ ಕಾರ್ ತೆಗೆದು ಫೋರ್ಟ್ ಪುಲಾಸ್ಕಿಗೆ. ದಾರಿ ಅದೇ ಯುಎಸ್ 80, ಟೈಬೀ ದ್ವೀಪಕ್ಕೆ ಹೋಗೋದು. ದೊಡ್ಡ ಉಬ್ಬರ ಬಂದಾಗ ಆ ರಸ್ತೆ ಮೇಲೆ ಸಮುದ್ರದ ನೀರು ಬರುತ್ತೆ, ಉಪ್ಪು ನೀರು ಹಳೇ ಕಾರಿನ ತಳಕ್ಕೆ ವಿಷ, ಹಾಗಾಗಿ ಉಬ್ಬರದ ಟೈಮ್ ನೋಡಿ ಮಧ್ಯಾಹ್ನಕ್ಕೆ ಇಟ್ಟಿದ್ದೆ. ಎರಡೂವರೆ ಕೋಟಿ ಇಟ್ಟಿಗೆ ಹಾಕಿ ಕಟ್ಟಿದ ಕೋಟೆ, ಯಾರೂ ಒಡೆಯೋಕಾಗಲ್ಲ ಅಂದ್ಕೊಂಡಿದ್ರು, 1862ರ ಏಪ್ರಿಲ್‌ನಲ್ಲಿ ಹೊಸ ಥರದ ಫಿರಂಗಿ ಗುಂಡಿಗೆ ಮೂವತ್ತು ಗಂಟೇಲಿ ಶರಣಾಯ್ತು, ಗುಂಡು ಹೊಕ್ಕ ಗುಂಡಿಗಳು ಗೋಡೇಲಿ ಇನ್ನೂ ಇವೆ. ಫೋನ್ ಮಾಡಿ ಮೊದಲೇ ಕೇಳಿದ್ವಿ, ಬೇರೆಯೋರಿಗೆ ತೊಂದ್ರೆ ಆಗದಂಗೆ ಪಾರ್ಕಿಂಗ್ ಗೆರೆ ಒಳಗೇ ನಿಲ್ಲಿಸಿ ಅಂದ್ರು, ಹನ್ನೊಂದು ಕಾರಿನ ಫೋಟೋ ಅಲ್ಲೇ ಆಯ್ತು. ಸಂಜೆ ಹೊತ್ತು ಅಲ್ಲಿ ಸೊಳ್ಳೆಗಿಂತ ಸಣ್ಣ ಮರಳು ನೊಣ ಕಚ್ಚುತ್ವೆ, ಕಾಲು ಪೂರ್ತಿ ಮುಚ್ಚೋ ಬಟ್ಟೆ ಹಾಕ್ಕೊಳ್ಳಿ.

ರಾತ್ರಿ ಊಟ ಆದ್ಮೇಲೆ ಮೇಷ್ಟ್ರು ನಮ್ಮನ್ನ ಮ್ಯಾಡಿಸನ್ ಸ್ಕ್ವೇರ್ ಪಕ್ಕದ ಗ್ರೀನ್-ಮೆಲ್‌ಡ್ರಿಮ್ ಮನೆ ಹತ್ರ ಕರ್ಕೊಂಡು ಹೋದ್ರು. ಶೆರ್ಮನ್ ಊರು ಹಿಡಿದ್ಮೇಲೆ ಇಳ್ಕೊಂಡಿದ್ದು ಆ ಮನೇಲೇ, 1864ರ ಡಿಸೆಂಬರ್ 22ಕ್ಕೆ ಲಿಂಕನ್‌ಗೆ ಸವಾನಾನ ಕ್ರಿಸ್‌ಮಸ್ ಉಡುಗೊರೆಯಾಗಿ ಕೊಡ್ತಿದೀನಿ ಅಂತ ಟೆಲಿಗ್ರಾಂ ಬರೆದ. ಮೂರು ವಾರ ಆದ್ಮೇಲೆ, ಜನವರಿ 12ಕ್ಕೆ, ಅದೇ ಮನೇಲಿ 20 ಜನ ಕಪ್ಪು ಪಾದ್ರಿಗಳನ್ನ ಕೂರಿಸಿ ನಿಮಗೇನು ಬೇಕು ಅಂತ ಕೇಳಿದ್ರು. ಗ್ಯಾರಿಸನ್ ಫ್ರೇಜಿಯರ್ ಅನ್ನೋ ಹಿರಿಯರು ನಮಗೆ ಭೂಮಿ ಬೇಕು ಅಂದ್ರು. ನಾಲ್ಕು ದಿನಕ್ಕೆ ಒಂದೊಂದು ಮನೆಗೆ 40 ಎಕರೆವರೆಗೆ ಕೊಡೋ ಆದೇಶ ಬಂತು, ಅದೇ ವರ್ಷ ಅದನ್ನ ವಾಪಸ್ ಕಿತ್ಕೊಂಡ್ರು. ಗೇಟ್ ಮುಂದೆ ನಿಂತು ಇದನ್ನ ಹೇಳ್ವಾಗ ಮೇಷ್ಟ್ರ ದನಿ ಸ್ವಲ್ಪ ನಡುಗ್ತು.

ಭಾನುವಾರ ಸೀದಾ ಹೈವೇ ಹಿಡಿದು ವಾಪಸ್, ಮೆಕ್‌ಡೊನೋ ಹತ್ರ ಟ್ರಾಫಿಕ್‌ನಲ್ಲಿ ಒಂದು ಗಂಟೆ ಹೋಯ್ತು. ನಮ್ಮಿಬ್ರ ಖರ್ಚು ಹೇಳ್ಬಿಡ್ತೀನಿ. ಎರಡು ರಾತ್ರಿ ರೂಮ್ 470, ಗ್ಯಾರೇಜ್ ಪಾರ್ಕಿಂಗ್ 40, ಗ್ಯಾಸ್ (ಪೆಟ್ರೋಲ್) 65, ಟೂರ್ ಮತ್ತೆ ಎಂಟ್ರಿ 60, ಊಟ 180, ಒಟ್ಟು 815 ಡಾಲರ್, ಸೆಪ್ಟೆಂಬರ್‌ನಲ್ಲಿ ನೋಡೋಕೆ ಹೋಗಿದ್ದು ಬೇರೆ. ನಿನ್ನೆ ಹೋಟೆಲ್‌ನಿಂದ ಫೈನಲ್ ಬಿಲ್ ಬಂತು, 23 ರೂಮ್-ನೈಟ್, ಬಾಕಿ ಸೊನ್ನೆ. ಸಂಜೆ ಹಾಸನದ ಹುಡುಗ ಫೋನ್ ಮಾಡಿದ್ದ, ಪೇಪರ್ ಇನ್ನೂ ಬಂದಿಲ್ವಂತೆ, ಕಾರಿನ ಕವರ್ ತೆಗೆದು ಟೈರ್ ಅಂಕಿ ನೋಡಿದ್ನಂತೆ, 1109. ನಾಲ್ಕೂ ಬದಲಾಯಿಸೋಕೆ ಆರ್ಡರ್ ಕೊಟ್ಟಿದೀನಿ ಅಣ್ಣಾ ಅಂದ.